ಸೊನೆ ವಾಸ್ನೆ ಬರೋ ಬಿಯರ್

ಹೋದ ವರ್ಷ ಲಾಲ್‌ಬಾಗ್ ಮಾವು ಮೇಳದಲ್ಲಿ ನಮ್ದೂ ಒಂದು ಸ್ಟಾಲ್ ಇತ್ತು. ಶ್ರೀನಿವಾಸಪುರದಿಂದ ಅಪ್ಪ ಬಾದಾಮಿ, ರಸಪುರಿ, ಮಲ್ಲಿಕಾ ಮೂರೂ ತಂದಿದ್ರು, ಸಾಯಂಕಾಲದ ಹೊತ್ಗೆ ಕ್ರೇಟೆಲ್ಲ ಖಾಲಿ, ಮನುಷ್ಯ ಭಾಳ ಖುಷಿಯಾಗಿದ್ರು, ಎಲ್ಲಾದ್ರೂ ಊಟ ಮಾಡ್ಕೊಂಡು ಊರಿಗೆ ಹೊರಡೋಣ ಅಂದ್ರು. ನಾನು ಸ್ವಲ್ಪ ಧೈರ್ಯ ಮಾಡಿ ಇಂದಿರಾನಗರದಲ್ಲಿ ನಾನು ಹೋಗೋ, ಬಿಯರ್‌ನ ಅಲ್ಲೇ ಮಾಡಿ ಕೊಡೋ ಬ್ರೂಪಬ್‌ಗೇ ಕರ್ಕೊಂಡು ಹೋದೆ. ಅಪ್ಪ ಕುಡಿಯೋರಲ್ಲ, ಈ ಅರವತ್ತೆರಡು ವರ್ಷದಲ್ಲಿ ಒಂದು ಗುಟುಕು ಮುಟ್ಟಿಲ್ಲ, ನಾನು ಕುಡೀತೀನಿ ಅಂತ ಗೊತ್ತು ಆದ್ರೆ ಅದರ ಬಗ್ಗೆ ನಾವಿಬ್ರೂ ಯಾವತ್ತೂ ಮಾತಾಡಿದ್ದೇ ಇಲ್ಲ. ಅವ್ರಿಗೆ ನಿಂಬೆಹಣ್ಣಿನ ಸೋಡ ಹೇಳ್ದೆ, ನಂಗೆ ಆರು ಪುಟ್ಟ ಗ್ಲಾಸಿನ ಸ್ಯಾಂಪ್ಲರ್ ಟ್ರೇ.

ಟ್ರೇ ಬಂದು ಟೇಬಲ್ ಮೇಲೆ ಕೂತಾಗ ಅಪ್ಪ ಸುಮ್ನೆ ನೋಡ್ತಾ ಇದ್ರು. ಒಂದು ಹುಲ್ಲಿನ ಬಣ್ಣ, ಒಂದು ಮೋಡ ಕವಿದಂಗೆ ಬಗ್ಗಡ, ಒಂದು ಜೇನುತುಪ್ಪ, ಕೊನೇದು ಡಿಕಾಕ್ಷನ್ ಥರ ಕಪ್ಪು. ಆಮೇಲೆ ಮಂಡೀಲಿ ಹಣ್ಣು ಎತ್ಕೊಳ್ಳೋ ಥರಾನೇ ನಾಲ್ಕನೇ ಗ್ಲಾಸ್ ಎತ್ತಿ ಮೂಗಿನ ಹತ್ರ ಹಿಡಿದು ಕಣ್ಮುಚ್ಚಿ ಒಂದ್ಸಲ ಉಸಿರು ಎಳ್ಕೊಂಡ್ರು. "ಇದ್ರಲ್ಲಿ ಸೊನೆ ವಾಸ್ನೆ ಐತಲ್ಲೋ. ತೊಟ್ಟು ಮುರಿದಾಗ ಬರುತ್ತಲ್ಲ, ಅದು."

ಅದು ಐಪಿಎ, ಅಂದ್ರೆ ಇಂಡಿಯಾ ಪೇಲ್ ಏಲ್, ಹಾಪ್ಸ್ ಅನ್ನೋ ಕಹಿ ಹೂವು ಜಾಸ್ತಿ ಹಾಕಿ ಮಾಡೋ ಬಿಯರ್. ಅದಕ್ಕೆ ಮಾವು ಒಂದು ಚೂರೂ ಹಾಕಿಲ್ಲ.

ನಾನು ಆರೇಳು ವರ್ಷದಿಂದ ಸಣ್ಣ ಬ್ರೂವರಿಗಳು ಮಾಡೋ ಕ್ರಾಫ್ಟ್ ಬಿಯರ್ ಹಿಂದೆ ಬಿದ್ದಿದೀನಿ, ಐಪಿಎ ಬಗ್ಗೆ ಎಲ್ಲಿ ಓದಿದ್ರೂ ಪೈನ್ ಮರದ ವಾಸ್ನೆ, ದ್ರಾಕ್ಷಿಹಣ್ಣಲ್ಲದ ಅದ್ಯಾವುದೋ ಗ್ರೇಪ್‌ಫ್ರೂಟ್ ವಾಸ್ನೆ ಅಂತಾನೇ ಬರ್ದಿರ್ತಾರೆ. ಪೈನ್ ಮರ ನಾನು ನೋಡಿರೋದು ಊಟಿಗೆ ಸ್ಕೂಲ್ ಟ್ರಿಪ್ ಹೋದಾಗ, ಗ್ರೇಪ್‌ಫ್ರೂಟ್ ತಿಂದೇ ಇಲ್ಲ. ಹಂಗಾಗಿ ಆ ವಾಸ್ನೆ ನನ್ ಮೂಗಿಗೆ ಬರ್ತಿತ್ತು, ಆದ್ರೆ ಅದಕ್ಕೆ ನನ್ ಹತ್ರ ಹೆಸರಿರ್ಲಿಲ್ಲ. ಹೆಸರಿಲ್ದೇ ಇರೋ ವಾಸ್ನೆ ನೆನಪಲ್ಲಿ ನಿಲ್ಲಲ್ಲ, ಮುಂದಿನ ಸಲ ಕುಡಿದಾಗ ಹೋಲಿಸಿ ನೋಡೋಕೆ ಏನೂ ಉಳ್ದಿರಲ್ಲ. ಸೊನೆ ಅಂತ ಅಪ್ಪ ಒಂದು ಮಾತು ಹೇಳಿದ ಮೇಲೆ ನಂಗೆ ಐಪಿಎ ಪೂರ್ತಿ ಬೇರೆ ಥರ ಕಾಣ್ಸೋಕೆ ಶುರುವಾಯ್ತು.

ಮನೆಗೆ ಬಂದು ಓದಿದಾಗ ಗೊತ್ತಾಯ್ತು, ಅಪ್ಪನ ಮೂಗು ಹೇಳಿದ್ದು ನಿಜಾನೇ. ಹಾಪ್ಸ್ ಹೂವಿನ ಎಣ್ಣೇಲಿ ಮಿರ್ಸೀನ್ ಅಂತ ಒಂದು ಅಂಶ ಜಾಸ್ತಿ ಇರುತ್ತೆ, ಅದೇ ಮಿರ್ಸೀನ್ ಮಾವಿನ ಸೊನೇಲೂ ಇದೆ, ಹಣ್ಣಿನ ಪರಿಮಳದಲ್ಲೂ ಇದೆ. ಸಿಟ್ರಾ, ಮೊಸಾಯಿಕ್ ಅಂತ ಅಮೆರಿಕದ ಹಾಪ್ಸ್ ತಳಿಗಳಿವೆ, ಅವುಗಳ ವರ್ಣನೆಯಲ್ಲೇ ಮಾವು ಅನ್ನೋ ಪದ ಬರುತ್ತೆ. ಹಾಪ್ಸ್‌ನ ಕುದಿಯೋವಾಗಲೇ ಹಾಕಿದ್ರೆ ಕಹಿ ಮಾತ್ರ ಉಳಿಯುತ್ತೆ, ಈ ಎಣ್ಣೆ ಎಲ್ಲ ಆವಿ ಆಗಿ ಹೋಗ್ಬಿಡುತ್ತೆ. ಅದಕ್ಕೇ ಐಪಿಎ ಮಾಡೋರು ಬಿಯರ್ ತಣ್ಣಗಾಗಿ ಹುದುಗು ಎದ್ದ ಮೇಲೆ ಇನ್ನೊಂದು ಸಲ ಹಾಪ್ಸ್ ಹಾಕ್ತಾರೆ, ಡ್ರೈ ಹಾಪಿಂಗ್ ಅಂತಾರೆ. ಅಮ್ಮ ಸಾರು ಇಳಿಸಿದ ಮೇಲೆ ಕೊತ್ತಂಬರಿ ಸೊಪ್ಪು ಉದುರ್ಸಲ್ವಾ, ಅದೇ ಲೆಕ್ಕ.

ನಾನು ಹೇಳ್ಬೇಕು ಅಂತಿರೋದು ಇಷ್ಟೇ. ಬಿಯರ್ ಟೇಸ್ಟ್ ಮಾಡೋಕೆ ಬೇಕಾದ ಮೂಗು ನಮ್ ಕೋಲಾರದ ಮನೆಗಳಲ್ಲಿ ಆಗ್ಲೇ ಇದೆ. ಹೊಸದಾಗಿ ಕಲಿಯೋದೇನೂ ಇಲ್ಲ, ಹಣ್ಣಿಗೆ, ನೀರಿಗೆ, ರಾಗಿಗೆ ಬಳಸ್ತಿದ್ದ ಮೂಗನ್ನೇ ಗ್ಲಾಸ್ ಹತ್ರ ತರ್ಬೇಕು ಅಷ್ಟೆ.

ಮಂಡೀಲಿ ಮಾವು ನೋಡೋ ಕ್ರಮ ಹೇಳ್ತೀನಿ, ಚಿಕ್ಕಂದಿನಿಂದ ಬೇಸಿಗೆ ರಜೆ ಪೂರ್ತಿ ಅಲ್ಲೇ ಬೆಳೆದೋನು ನಾನು. ಮೊದಲು ಕಣ್ಣು, ಹೆಗಲು ತುಂಬಿದ್ಯಾ, ತೊಟ್ಟಿನ ಹತ್ರ ಗುಳಿ ಬಿದ್ದಿದ್ಯಾ ಅಂತ. ಆಮೇಲೆ ತೊಟ್ಟಿನ ಹತ್ರ ಮೂಗು. ಹುಲ್ಲಲ್ಲಿ ಮಾಗಿಸಿದ ಹಣ್ಣಿಗೆ ಅಲ್ಲೇ ಪರಿಮಳ ನಿಂತಿರುತ್ತೆ, ಕಾರ್ಬೈಡ್ ಹಾಕಿದ್ದು ಬಣ್ಣ ಚೆನ್ನಾಗಿ ಬಂದಿರುತ್ತೆ ಆದ್ರೆ ತೊಟ್ಟು ಮೂಸಿದ್ರೆ ಏನೂ ಇರಲ್ಲ. ಕೊನೇಲಿ ಕೊಯ್ದು ನಾಲಿಗೆ ಮೇಲೆ. ಅದ್ರಲ್ಲೂ ಒಂದು ಸಾಲಿದೆ, ಬಾದಾಮಿ ಮೊದಲು ತಿಂದ್ರೆ ಮುಗೀತು, ಆಮೇಲೆ ನೀಲಂ ಕೊಟ್ರೂ ಸಪ್ಪೆ, ತೋತಾಪುರಿ ಕೊಟ್ರೂ ಹುಳಿ. ಅದಕ್ಕೆ ಅಪ್ಪ ಯಾವಾಗ್ಲೂ ತೋತಾಪುರಿಯಿಂದ ಶುರು ಮಾಡಿ ಬಾದಾಮಿಗೆ ಬರ್ತಾರೆ, ಮಧ್ಯೆ ಒಂದು ಗುಟುಕು ನೀರು.

ಬಿಯರ್ ಟ್ರೇನೂ ಹಿಂಗೇ. ಹಗುರದಿಂದ ಭಾರಕ್ಕೆ ಹೋಗ್ಬೇಕು, ಐಪಿಎನ ಮೊದಲು ಕುಡಿದ್ರೆ ಆ ಕಹಿ ನಾಲಿಗೆ ಮೇಲೆ ಕೂತ್ಬಿಟ್ಟು ಲಾಗರ್ ಅನ್ನೋ ಹಗುರ ಬಿಯರ್ ನೀರಿನಂಗೆ ಆಗುತ್ತೆ. ಮಧ್ಯೆ ಬಾಯಿ ತೊಳ್ಕೊಳ್ಳೋಕೆ ಕಡ್ಲೆಪುರಿಗಿಂತ ಒಳ್ಳೇದಿಲ್ಲ, ಒಗ್ಗರಣೆ ಹಾಕದೇ ಇರೋ ಬರೀ ಪುರಿ. ಮಸಾಲೆ ಕಡ್ಲೆಕಾಯಿ, ಚಿಲ್ಲಿ ಚಿಕನ್ ಎಲ್ಲ ಟೇಸ್ಟಿಂಗ್ ಆದ್ಮೇಲೆ ತಿನ್ನಿ, ದಯವಿಟ್ಟು. ಇನ್ನೊಂದು ಮುಖ್ಯ ವಿಷಯ ತಣುಪು. ನಮ್ ಕಡೆ ಬಾರುಗಳಲ್ಲಿ ಬಾಟ್ಲಿ ಮೇಲೆ ಐಸ್ ಕಟ್ಟಿರ್ಬೇಕು, ಅಷ್ಟು ಚಿಲ್ ಇಲ್ದೇ ಇದ್ರೆ ಜನ ವಾಪಸ್ ಕಳಿಸ್ತಾರೆ, ಆ ಬಿಸಿಲಿಗೆ ಅದು ಸರೀನೇ. ಆದ್ರೆ ಅಷ್ಟು ತಣ್ಣಗಿರೋದ್ರಲ್ಲಿ ವಾಸ್ನೆ ಮೇಲೇಳಲ್ಲ, ಫ್ರಿಜ್‌ನಿಂದ ತೆಗೆದ ಮಾವಿನಹಣ್ಣು ತಿಂದು ನೋಡಿ, ಸಿಹಿ ಇರುತ್ತೆ, ಪರಿಮಳ ಇರಲ್ಲ. ವೀಟ್ ಬಿಯರ್, ಅಂದ್ರೆ ಗೋಧಿ ಬಿಯರ್ ಆದ್ರೆ ಒಂದು ಐದು ನಿಮಿಷ, ಸ್ಟೌಟ್ ಅನ್ನೋ ಕಪ್ಪು ಬಿಯರ್ ಆದ್ರೆ ಹತ್ತು ಹದಿನೈದು ನಿಮಿಷ ಗ್ಲಾಸಲ್ಲಿ ಹಂಗೇ ಬಿಡಿ. ಸ್ಟೌಟ್‌ಗೆ ಹತ್ತು ಹನ್ನೆರಡು ಡಿಗ್ರಿ ಸಾಕು.

ಆ ದಿನ ಟ್ರೇಲಿದ್ದ ಎರಡನೇ ಗ್ಲಾಸ್ ಹೆಫೆವೈಜನ್ ಅನ್ನೋ ಜರ್ಮನ್ ಥರದ ಗೋಧಿ ಬಿಯರ್. ಅಪ್ಪ ಅದನ್ನೂ ಎತ್ಕೊಂಡ್ರು. "ಬಾಳೆಹಣ್ಣು. ಏಲಕ್ಕಿ ಬಾಳೆ ಅಲ್ಲ, ಪಚ್ಚಬಾಳೆ, ಅದೂ ಜಾಸ್ತಿ ಹಣ್ಣಾಗಿ ಮಚ್ಚೆ ಬಿದ್ದಿರೋದು." ಬಾಳೆಹಣ್ಣೂ ಅದಕ್ಕೆ ಹಾಕಿರಲ್ಲ ಅಂದ್ರೆ ನಂಬ್ಲಿಲ್ಲ. ಹುದುಗು ಎಬ್ಬಿಸೋ ಯೀಸ್ಟೇ ಆ ವಾಸ್ನೆ ಹುಟ್ಸುತ್ತೆ, ಐಸೋಅಮೈಲ್ ಅಸಿಟೇಟ್ ಅಂತ, ಬಾಳೆಹಣ್ಣಲ್ಲಿರೋದೂ ಅದೇ. ಜೊತೆಗೆ ಲವಂಗದ ಒಂದು ಎಳೆ, ಅದೂ ಯೀಸ್ಟ್‌ದೇ ಕೆಲಸ. ಹುದುಗು ಬರೋವಾಗ ಸ್ವಲ್ಪ ಬೆಚ್ಚಗಿಟ್ರೆ ಬಾಳೆಹಣ್ಣು ಮುಂದೆ ಬರುತ್ತೆ. ಜರ್ಮನಿಯ ಬವೇರಿಯಾದಲ್ಲಿ 1516ರಲ್ಲಿ ಬಿಯರ್‌ಗೆ ಬಾರ್ಲಿ, ಹಾಪ್ಸ್, ನೀರು ಮೂರೇ ಹಾಕ್ಬೇಕು ಅಂತ ಕಾನೂನು ಮಾಡಿದ್ರಲ್ಲ, ಅದ್ರಲ್ಲಿ ಯೀಸ್ಟ್ ಹೆಸರೇ ಇಲ್ಲ. ನಮ್ ಅಜ್ಜಿಗೂ ದೋಸೆ ಹಿಟ್ಟು ಯಾಕೆ ಉಬ್ಬುತ್ತೆ ಅಂತ ಹೆಸರು ಹಿಡಿದು ಹೇಳೋಕೆ ಬರ್ತಿರ್ಲಿಲ್ಲ, ಆದ್ರೆ ಉಬ್ಬಿದ ಹಿಟ್ಟಲ್ಲಿ ಒಂದು ಹಿಡಿ ಉಳಿಸಿ ನಾಳೆಗೆ ಸೇರ್ಸೋದು ಗೊತ್ತಿತ್ತು.

ಆ ಸಂಜೆ ಆದ್ಮೇಲೆ ನಂಗೊಂದು ಹುಚ್ಚು ಹತ್ತಿತು, ಊರಲ್ಲೇ ಫ್ರೆಂಡ್ಸ್ ಜೊತೆ ಸರಿಯಾಗಿ ಒಂದು ಟೇಸ್ಟಿಂಗ್ ಮಾಡ್ಬೇಕು ಅಂತ. ಒಂದು ಭಾನುವಾರ ತೋಟದ ಮನೇಲಿ ನಾಲ್ಕು ಜನ ಸೇರಿದ್ವಿ, ಒಬ್ಬ ಟೊಮ್ಯಾಟೊ ಬೆಳೆಯೋನು, ಒಬ್ರು ಹೈಸ್ಕೂಲ್ ಮೇಷ್ಟ್ರು, ಒಬ್ಬ ರೇಷ್ಮೆಗೂಡು ವ್ಯಾಪಾರ ಮಾಡೋನು, ನಾನು. ಯಾರೂ ಆಮೇಲೆ ಗಾಡಿ ಓಡಿಸಲ್ಲ, ರಾತ್ರಿ ಅಲ್ಲೇ ಮಲಗೋದು ಅಂತ ಮೊದಲೇ ಮಾತಾಗಿತ್ತು. ಬೆಂಗಳೂರಿಂದ ನಾನು ಹೋಗಾರ್ಡನ್, ಬೀರಾ ವೈಟ್, ಎರ್ಡಿಂಗರ್ ತಂದಿದ್ದೆ, ಜೊತೆಗೆ ಊರಲ್ಲೇ ಸಿಗೋ ಕಿಂಗ್‌ಫಿಶರ್ ಪ್ರೀಮಿಯಂ. ಎಲ್ಲ ಸ್ಟೀಲ್ ಲೋಟಕ್ಕೆ ಸುರಿದು ತಳಕ್ಕೆ ನಂಬರ್ ಅಂಟಿಸಿದ್ವಿ. ಗ್ಲಾಸಲ್ಲಿ ಕೊಟ್ರೆ ಬಣ್ಣ ನೋಡಿನೇ ಜನ ಅರ್ಧ ತೀರ್ಮಾನ ಮಾಡ್ಬಿಡ್ತಾರೆ. ಲೋಟ ಮಾತ್ರ ಸೋಪಿನ ಅಂಶ ಒಂಚೂರೂ ಇಲ್ದಂಗೆ ತೊಳೀಬೇಕು, ಇಲ್ಲಾಂದ್ರೆ ನೊರೆ ನಿಲ್ಲಲ್ಲ.

ಟೊಮ್ಯಾಟೊ ಬೆಳೆಯೋನು ಎರಡನೇ ನಂಬರ್ ಮೂಸಿದ ತಕ್ಷಣ "ದನಿಯ ಹುರೀತಾವ್ರೇನೋ" ಅಂದ. ಅದು ಹೋಗಾರ್ಡನ್. ಯಾರೂ ಅವನಿಗೆ ಹೇಳಿರ್ಲಿಲ್ಲ, ಬೆಲ್ಜಿಯಂ ವಿಟ್ ಬಿಯರ್‌ಗೆ ದನಿಯ ಮತ್ತೆ ಕಿತ್ತಳೆ ಸಿಪ್ಪೆ ಹಾಕೇ ಮಾಡೋದು. ಆ ಬಿಯರ್ ಕಥೆ ನಂಗೆ ಭಾಳ ಇಷ್ಟ. ಹೋಗಾರ್ಡನ್ ಅನ್ನೋದು ಒಂದು ಊರಿನ ಹೆಸರು, ಅಲ್ಲಿ ಶತಮಾನಗಳಿಂದ ಗೋಧಿ ಬಿಯರ್ ಮಾಡ್ತಿದ್ರು, 1950ರ ದಶಕದಲ್ಲಿ ಕೊನೇ ಬ್ರೂವರಿನೂ ಮುಚ್ಚಿ ಆ ರುಚಿನೇ ಹೊರಟೋಯ್ತು. ಅದೇ ಊರಲ್ಲಿ ಹಾಲು ಮಾರ್ತಿದ್ದ ಪಿಯರ್ ಸೆಲಿಸ್ ಅನ್ನೋರು, ಚಿಕ್ಕಂದಲ್ಲಿ ಆ ಬ್ರೂವರೀಲಿ ಕೈ ಜೋಡಿಸಿದ್ದ ನೆನಪಿಂದಲೇ 1966ರಲ್ಲಿ ಅದನ್ನ ತಿರುಗಿ ಮಾಡೋಕೆ ಶುರು ಮಾಡಿದ್ರು. ಒಂದು ಊರಿನ ರುಚಿ ಒಬ್ಬ ಮನುಷ್ಯನ ನಾಲಿಗೆ ನೆನಪಲ್ಲಿ ಉಳ್ಕೊಂಡು ಪ್ರಪಂಚಕ್ಕೆಲ್ಲ ಹೋಯ್ತು.

ಎರ್ಡಿಂಗರ್‌ನಲ್ಲಿ ಎಲ್ರಿಗೂ ಬ್ರೆಡ್ಡಿನ ವಾಸ್ನೆ ಸಿಕ್ತು, ಬಾಳೆಹಣ್ಣು ನಾನು ಅಂದ್ಕೊಂಡಷ್ಟು ಇರ್ಲಿಲ್ಲ, ತೆಳುವಾಗಿ ಹಿಂದೆ ನಿಂತಿತ್ತು. ಬೀರಾ ವೈಟ್ ಸ್ವಲ್ಪ ಸಿಹಿ, ನಿಂಬೆ ಜಾತಿ ಹಣ್ಣಿನ ಘಮ, ಕಹಿ ಕಮ್ಮಿ, ರೇಷ್ಮೆಗೂಡಿನೋನು ಅದಕ್ಕೇ ಓಟು ಹಾಕ್ದ. ಮೇಷ್ಟ್ರು ನಾಲ್ಕನ್ನೂ ಎರಡೆರಡು ಸಲ ನೋಡಿ ಕೊನೆಗೆ ಒಂದನೇ ನಂಬರೇ ಬೆಸ್ಟ್ ಅಂದ್ರು, ಈ ಬಿಸಿಲಿಗೆ ಗಂಟಲಿಗೆ ಹಿತ ಅಂದ್ರೆ ಇದೇ ಅಂತ. ಅದು ಕಿಂಗ್‌ಫಿಶರ್. ನಾನು ಅವ್ರ ಜೊತೆ ವಾದ ಮಾಡ್ಲಿಲ್ಲ. ಕ್ರಾಫ್ಟ್ ಬಿಯರ್ ಕುಡಿಯೋಕೆ ಶುರು ಮಾಡಿದ ತಕ್ಷಣ ಲಾಗರ್‌ನ ಕೀಳಾಗಿ ನೋಡೋರಿದ್ದಾರೆ, ಅದು ತಪ್ಪು. ಲಾಗರ್ ಯೀಸ್ಟ್ ಏಳರಿಂದ ಹದಿಮೂರು ಡಿಗ್ರಿ ತಂಪಲ್ಲಿ ನಿಧಾನಕ್ಕೆ ಕೆಲ್ಸ ಮಾಡಿ ಏನೂ ವಾಸ್ನೆ ಬಿಡದೇ ಶುದ್ಧವಾಗಿ ಮುಗಿಸುತ್ತೆ, ಅಲ್ಲಿ ಒಂದು ಸಣ್ಣ ತಪ್ಪಾದ್ರೂ ಮುಚ್ಚಿಡೋಕೆ ಜಾಗ ಇರಲ್ಲ. ಐಪಿಎ, ಸ್ಟೌಟ್ ಥರದ ಏಲ್ ಬಿಯರ್‌ಗಳ ಯೀಸ್ಟ್ ಹದಿನೈದರ ಮೇಲೆ, ಬೆಚ್ಚಗೆ, ಬೇಗ ಬೇಗ, ಹಣ್ಣು ಹೂವು ಎಲ್ಲ ಎಳ್ಕೊಂಡು ಬರುತ್ತೆ.

ಆ ದಿನ ಒಂದು ಬಾಟ್ಲಿ ಹಾಳಾಗಿತ್ತು ಅದನ್ನೂ ಹೇಳ್ತೀನಿ. ಇನ್ನೊಂದು ಹಸಿರು ಬಾಟ್ಲಿ ಲಾಗರ್ ದಾರೀಲಿ ಒಂದು ಅಂಗಡೀಲಿ ತಗೊಂಡಿದ್ದೆ, ಕ್ರೇಟ್ ಬಾಗಿಲ ಹೊರಗೆ ಬಿಸಿಲಲ್ಲೇ ಇಟ್ಟಿದ್ರು, ನೋಡಿನೂ ತಗೊಂಡೆ. ತೆಗೆದ್ರೆ ಸುಟ್ಟ ರಬ್ಬರ್ ಥರ ವಾಸ್ನೆ. ಹಾಪ್ಸ್‌ನ ಕಹಿ ಅಂಶಕ್ಕೆ ಬೆಳಕು ಬಿದ್ರೆ ಅದು ಒಡೆದು ಗಂಧಕದ ವಾಸ್ನೆ ಹುಟ್ಕೊಳ್ಳುತ್ತೆ, ಕಂದು ಬಾಟ್ಲಿ ಆ ಬೆಳಕನ್ನ ತಡೆಯುತ್ತೆ, ಹಸಿರು ಬಾಟ್ಲಿ ಅಷ್ಟು ತಡೆಯಲ್ಲ. ಕಂದು ಬಾಟ್ಲಿ ಇಲ್ಲಾಂದ್ರೆ ಕ್ಯಾನ್ ತಗೊಳ್ಳಿ, ತಯಾರಾದ ತಿಂಗಳು ನೋಡಿ ತಗೊಳ್ಳಿ, ಅಂಗಡಿಯೋರು ಒಳಗಿಂದ ತರ್ಲಿ. ಹಣ್ಣಿನ ಕ್ರೇಟ್‌ನ ಬಿಸಿಲಲ್ಲಿ ಇಟ್ರೆ ಬೈಯೋ ಜನ ನಾವು, ಬಿಯರ್‌ಗೂ ಅಷ್ಟೇ ಕಾಳಜಿ ಬೇಕು.

ಇನ್ನು ನೀರಿನ ವಿಷ್ಯ. ವರ್ಷಪೂರ್ತಿ ಹರಿಯೋ ನದಿ ಇಲ್ದೇ ಇರೋ ಜಿಲ್ಲೆ ನಮ್ದು, ನೀರಿನ ರುಚಿ ಗೊತ್ತಿರೋವಷ್ಟು ನಮ್ ಜನಕ್ಕೆ ಬೇರೆ ಯಾರಿಗೂ ಗೊತ್ತಿರಲ್ಲ ಅಂತ ನಾನು ಗಟ್ಟಿಯಾಗಿ ನಂಬ್ತೀನಿ. ಸಾವಿರ ಅಡಿ ದಾಟಿದ ಬೋರಿನ ನೀರಲ್ಲಿ ತೊಗರಿಬೇಳೆ ಬೇಯಲ್ಲ, ಟೀಗೆ ಬೇರೆ ನೀರು, ಸ್ನಾನಕ್ಕೆ ಬೇರೆ ನೀರು, ಕೋಲಾರ ಬೆಟ್ಟದ ಅಂತರಗಂಗೇಲಿ ಬಸವನ ಬಾಯಿಂದ ಬೀಳೋ ನೀರು ಬಾಟ್ಲೀಲಿ ಹಿಡ್ಕೊಂಡು ಬಂದು ಮನೇಲಿ ಎಲ್ರಿಗೂ ಒಂದೊಂದು ಗುಟುಕು ಹಂಚ್ತೀವಿ. ಬಿಯರ್‌ನಲ್ಲಿ ತೊಂಬತ್ತು ಪರ್ಸೆಂಟ್‌ಗಿಂತ ಜಾಸ್ತಿ ನೀರೇ. ಈಗಿನ ಜೆಕ್ ದೇಶದ ಪಿಲ್ಸೆನ್ ಊರಿನ ನೀರು ಭಾಳ ಮೆದು, ಲವಣ ಇಲ್ವೇ ಇಲ್ಲ ಅನ್ನೋವಷ್ಟು ಕಮ್ಮಿ, ಅಲ್ಲಿ 1842ರಲ್ಲಿ ಯೋಸೆಫ್ ಗ್ರೋಲ್ ಅನ್ನೋ ಬ್ರೂವರ್ ತಿಳಿ ಬಂಗಾರದ ಬಣ್ಣದ ಲಾಗರ್ ಮಾಡಿದ್ದು, ಇವತ್ತು ನಾವು ಬಿಯರ್ ಅಂದ ತಕ್ಷಣ ನೆನೆಸ್ಕೊಳ್ಳೋ ಬಣ್ಣ ಅದೇ. ಇಂಗ್ಲೆಂಡಿನ ಬರ್ಟನ್ ಊರಿನ ನೀರಲ್ಲಿ ಜಿಪ್ಸಮ್ ಜಾಸ್ತಿ, ಅದಕ್ಕೆ ಅಲ್ಲಿನ ಪೇಲ್ ಏಲ್‌ಗಳಲ್ಲಿ ಹಾಪ್ಸ್ ಕಹಿ ಚೂಪಾಗಿ ನಿಲ್ತಿತ್ತು. ಈಗ ಎಲ್ಲ ಕಡೆ ನೀರನ್ನ ಫಿಲ್ಟರ್ ಮಾಡಿ ಬೇಕಾದ ಲವಣ ಅಳತೆ ಮಾಡಿ ಸೇರ್ಸ್ತಾರೆ. ಆದ್ರೂ ಒಂದೇ ಥರದ ಪಿಲ್ಸ್‌ನರ್ ಎರಡು ಬ್ರೂಪಬ್‌ನಲ್ಲಿ ಕುಡಿದು ನೋಡಿ, ಒಂದು ಗಂಟಲಲ್ಲಿ ಜಾರುತ್ತೆ, ಇನ್ನೊಂದು ಸ್ವಲ್ಪ ಹಿಡಿಯುತ್ತೆ, ಬೋರ್‌ವೆಲ್ ನೀರು ಕುಡಿದು ಬೆಳೆದೋರಿಗೆ ಅದು ತಟ್ಟಂತ ಗೊತ್ತಾಗುತ್ತೆ.

ಮಾಲ್ಟ್ ಅಂದ್ರೆ ಏನು ಅಂತ ಅಮ್ಮನಿಗೆ ವಿವರಿಸೋದೇ ಬೇಕಾಗ್ಲಿಲ್ಲ. ಅಕ್ಕನ ಮಗುಗೆ ಅಂತ ರಾಗಿ ನೆನೆಸಿ, ಬಟ್ಟೇಲಿ ಕಟ್ಟಿ, ಮೊಳಕೆ ಬಂದ ಮೇಲೆ ನೆರಳಲ್ಲಿ ಒಣಗ್ಸಿ, ಹದವಾಗಿ ಹುರಿದು ಬೀಸೋವಾಗ ಮನೆ ತುಂಬ ಒಂದು ಸಿಹಿ ವಾಸ್ನೆ ಬರುತ್ತಲ್ಲ, ಬ್ರೂವರಿ ಒಳಗೆ ಕಾಲಿಟ್ರೆ ಅದೇ ವಾಸ್ನೆ. ಕಾಳು ಮೊಳಕೆ ಒಡೆದಾಗ ಅದ್ರೊಳಗೆ ಪಿಷ್ಟನ ಸಕ್ಕರೆ ಮಾಡೋ ಕಿಣ್ವ ಎದ್ದೇಳುತ್ತೆ, ಬಾರ್ಲಿ ಆದ್ರೂ ಅಷ್ಟೇ ರಾಗಿ ಆದ್ರೂ ಅಷ್ಟೇ. ಎಷ್ಟು ಹುರೀತಾರೆ ಅನ್ನೋದ್ರ ಮೇಲೆ ಬಿಯರ್ ಬಣ್ಣ. ಸ್ಟೌಟ್‌ಗೆ ಬಾರ್ಲಿನ ಕಾಫಿಬೀಜದಂಗೆ ಕಪ್ಪಗೆ ಹುರೀತಾರೆ. ಕಪ್ಪು ಅಂದ್ರೆ ಸ್ಟ್ರಾಂಗ್ ಅಂತ ನಮ್ ಕಡೆ ಎಲ್ರೂ ಅಂದ್ಕೊಂಡಿದ್ದಾರೆ, ಅದು ಸುಳ್ಳು, ಗಿನ್ನೆಸ್ ಡ್ರಾಟ್‌ನಲ್ಲಿ ಆಲ್ಕೋಹಾಲ್ 4.2 ಪರ್ಸೆಂಟ್ ಅಷ್ಟೆ, ನಮ್ ಬಾರಿನ ಹಳದಿ ಸ್ಟ್ರಾಂಗ್ ಬಿಯರ್‌ಗಳು 8 ಪರ್ಸೆಂಟ್‌ವರೆಗೂ ಹೋಗ್ತವೆ.

ರಾಗಿ ಬಿಯರ್ ಅಂದ್ರೆ ಇಲ್ಲಿ ಹೊಸ ಐಡಿಯಾ ಥರ ಕೇಳ್ಸುತ್ತೆ. ಆದ್ರೆ ರಾಗಿ ಹುಟ್ಟಿದ್ದೇ ಪೂರ್ವ ಆಫ್ರಿಕಾದ ಎತ್ತರದ ನೆಲದಲ್ಲಿ, ಉಗಾಂಡಾದಲ್ಲಿ ಇವತ್ತಿಗೂ ರಾಗಿ ಬಿಯರ್‌ನ ಒಂದು ದೊಡ್ಡ ಮಡಕೇಲಿಟ್ಟು ಸುತ್ತ ಕೂತು ಉದ್ದುದ್ದ ಕೊಳವೆ ಹಾಕಿ ಹೀರ್ತಾರೆ, ಅಜೊನ್ ಅಂತಾರೆ ಅದಕ್ಕೆ. ಸಿಕ್ಕಿಂನಲ್ಲಿ ತೊಂಗ್ಬಾ, ಹುದುಗು ಬಂದ ರಾಗಿ ಮೇಲೆ ಬಿಸಿನೀರು ಹಾಕಿ ಬಿದಿರಿನ ಕೊಳವೇಲಿ ಕುಡಿಯೋದು. ಎರಡು ಕಡೆನೂ ರಾಗಿ ಕುಡೀತಾರೆ, ಮಧ್ಯದಲ್ಲಿ ನಾವು ಮುದ್ದೆ ಮಾಡಿ ನುಂಗ್ತೀವಿ, ಅಂಬಲಿ ಹುಳಿ ಬರ್ಸಿ ಬಿಸಿಲಲ್ಲಿ ಕುಡೀತೀವಿ. ಬೆಂಗಳೂರಿನ ಟೋಯಿಟ್ ಬ್ರೂಪಬ್‌ನೋರು ಬಾಸ್ಮತಿ ಅಕ್ಕಿ ಹಾಕಿ ಬಾಸ್ಮತಿ ಬ್ಲಾಂಡ್ ಅಂತ ಮಾಡಿದಾರೆ, ಹಗುರ, ಶುದ್ಧ, ನಂಗೆ ಇಷ್ಟ. ಹಂಗೇ ಹುರಿಹಿಟ್ಟಿನ ಘಮ ಇರೋ ಒಂದು ರಾಗಿ ಬ್ರೌನ್ ಏಲ್ ನಮ್ ಜಿಲ್ಲೆ ಹೆಸರಲ್ಲಿ ಬಂದ್ರೆ ನಾನು ಮೊದಲ ದಿನಾನೇ ಹೋಗಿ ಕೂರ್ತೀನಿ.

ಸೀಸನಲ್ ಬಿಯರ್ ಬಗ್ಗೆ ಹೇಳ್ಬೇಕು ಈಗ, ಯಾಕಂದ್ರೆ ನಾನು ವರ್ಷಪೂರ್ತಿ ಕಾಯೋದೇ ಅದಕ್ಕೆ. ಸೆಪ್ಟೆಂಬರ್ ಬಂದ್ರೆ ಬೆಂಗಳೂರಿನ ಬ್ರೂಪಬ್‌ಗಳಲ್ಲಿ ಆಕ್ಟೋಬರ್‌ಫೆಸ್ಟ್ ಅನ್ನೋ ಜರ್ಮನ್ ಬಿಯರ್ ಹಬ್ಬದ ಬೋರ್ಡು, ಮೆರ್ಟ್ಸೆನ್ ಅನ್ನೋ ಬಿಯರ್ ಬರುತ್ತೆ, ತಾಮ್ರದ ಬಣ್ಣ, ಬ್ರೆಡ್ಡಿನ ಅಂಚು ಸುಟ್ಟಂಗೆ ರುಚಿ. ಹೆಸರಿನ ಅರ್ಥ ಮಾರ್ಚ್ ಬಿಯರ್. 1553ರಲ್ಲಿ ಬವೇರಿಯಾದಲ್ಲಿ ಏಪ್ರಿಲ್ 23ರಿಂದ ಸೆಪ್ಟೆಂಬರ್ 29ರವರೆಗೆ ಬಿಯರ್ ಮಾಡಂಗಿಲ್ಲ ಅಂತ ಆರ್ಡರ್ ಆಯ್ತು, ಬೇಸಿಗೆಲಿ ಮಾಡಿದ ಬಿಯರ್ ಹುಳಿಯಾಗಿ ಕೆಡ್ತಿತ್ತು. ಮೇ ತಿಂಗಳಲ್ಲಿ ನಮ್ಮ ದೋಸೆ ಹಿಟ್ಟು ಬೆಳಿಗ್ಗೆಗೇ ಪಾತ್ರೆ ದಾಟಿ ಹರಿಯುತ್ತಲ್ಲ, ಅದೇ ಕಾರಣ. ಹಂಗಾಗಿ ಮಾರ್ಚಲ್ಲಿ ಸ್ವಲ್ಪ ಗಟ್ಟಿಯಾಗಿ ಮಾಡಿ ನೆಲಮಾಳಿಗೇಲಿ ತಂಪಲ್ಲಿಟ್ಟು ಬೇಸಿಗೆ ದಾಟಿಸ್ತಿದ್ರು, ಉಳಿದಿದ್ದನ್ನ ಸೆಪ್ಟೆಂಬರ್ ಅಕ್ಟೋಬರ್‌ನಲ್ಲಿ ಖಾಲಿ ಮಾಡ್ತಿದ್ರು. 1870ರ ದಶಕದಲ್ಲಿ ಕಾರ್ಲ್ ಫಾನ್ ಲಿಂಡೆ ಮಾಡಿದ ಕೂಲಿಂಗ್ ಮೆಷಿನ್ ಬ್ರೂವರಿಗಳಿಗೆ ಬಂದ ಮೇಲೆ ವರ್ಷಪೂರ್ತಿ ಮಾಡ್ಬಹುದಾಯ್ತು, ಆದ್ರೂ ಕಾಲ ಬಂದಾಗ ಅದನ್ನೇ ಕುಡಿಯೋ ಅಭ್ಯಾಸ ಜನ ಬಿಡ್ಲಿಲ್ಲ.

ಮೆರ್ಟ್ಸೆನ್ ನಂಗಿಷ್ಟಾನೇ. ಆದ್ರೆ ಅದು ಅವ್ರ ಹವಾಮಾನದ ಲೆಕ್ಕ. ನಮ್ ನೆಲದ ಸೀಸನ್ ಬೇರೆ. ನಮ್ ತಾತ ಈಚಲ ಹೆಂಡದ ಬಗ್ಗೆ ಹೇಳ್ತಿದ್ರು, ಚಳಿಗಾಲದ್ದೇ ರುಚಿ, ಅದೂ ಬೆಳಿಗ್ಗೆ ಇಳಿಸಿದ ತಕ್ಷಣ ಸಿಹಿ, ಬಿಸಿಲೇರಿದ್ರೆ ಹುಳಿ ಅಂತ. ಗಂಟೆ ಲೆಕ್ಕದ ಸೀಸನ್ ಅದು. ನಮ್ಗೆ ಮೇ ಜೂನ್ ಜುಲೈ ಅಂದ್ರೆ ಮಾವು, ಜೊತೆಗೇ ನೇರಳೆ ಹಣ್ಣು, ಡಿಸೆಂಬರ್ ಜನವರಿ ಅಂದ್ರೆ ಅವರೆಕಾಯಿ ಸೊಗಡು.

ಮಾವಿನ ಬಿಯರ್‌ಗಳನ್ನ ಹೋದ ಸೀಸನ್‌ನಲ್ಲಿ ಮೂರು ಕಡೆ ಕುಡಿದು ಹೋಲಿಸಿ ನೋಡ್ದೆ. ಕೋಲಾರದಿಂದ ಬಸ್ಸಲ್ಲಿ ಕೆ.ಆರ್. ಪುರಕ್ಕೆ ಬಂದು ಅಲ್ಲಿಂದ ಮೆಟ್ರೋ ಹಿಡಿದ್ರೆ ನಾಲ್ಕೇ ಸ್ಟಾಪು ಇಂದಿರಾನಗರಕ್ಕೆ, ಗಾಡಿ ತರೋ ಪ್ರಶ್ನೆನೇ ಇಲ್ಲ. ಮೊದಲನೇ ಜಾಗದಲ್ಲಿ ಗ್ಲಾಸ್ ಮುಂದೆ ಬಂದಾಗ್ಲೇ ಮಾವಿನ ಮಿಠಾಯಿ ವಾಸ್ನೆ, ಎಸೆನ್ಸ್. ಮೂಗಿಗೆ ಇಷ್ಟೊಂದು ಹೊಡೆದು ನುಂಗಿದ ಮೇಲೆ ಬಾಯಲ್ಲಿ ಏನೂ ಉಳಿಯಲ್ಲ. ಕಾರ್ಬೈಡ್ ಹಣ್ಣಿನ ಉಲ್ಟಾ ಅದು, ಅಲ್ಲಿ ಬಣ್ಣ ಇದ್ದು ವಾಸ್ನೆ ಇಲ್ಲ, ಇಲ್ಲಿ ವಾಸ್ನೆ ಇದ್ದು ಹಣ್ಣಿಲ್ಲ. ಅಲ್ಲಿಂದ ಎಂಬತ್ತು ಕಿಲೋಮೀಟರ್ ದೂರದಲ್ಲಿ ರೈತ ಕೆಜಿಗೆ ಬೆಲೆ ಸಿಗದೇ ತೋತಾಪುರಿನ ರಸ್ತೆಗೆ ಸುರೀತಾ ಇರ್ತಾನೆ, ಅದನ್ನ ಕಣ್ಣಾರೆ ನೋಡಿರೋ ನಂಗೆ ಆ ಗ್ಲಾಸ್ ಮುಗಿಸೋಕೆ ಮನಸ್ಸು ಬರ್ಲಿಲ್ಲ, ಹಂಗೇ ಬಿಟ್ಟು ಎದ್ದೆ.

ಎರಡನೇ ಕಡೆ ನಿಜವಾದ ಪಲ್ಪೇ ಹಾಕಿದ್ರು, ಆದ್ರೆ ಬಿಯರ್ ತೆಳ್ಳಗೆ, ಒಣಗಿದಂಗೆ, ಕೊನೇಲಿ ಒಂದು ಹುಳಿ. ಇದಕ್ಕೆ ಕಾರಣ ಇದೆ. ಮಾವಿನ ಸಕ್ಕರೆನ ಯೀಸ್ಟ್ ಹೆಚ್ಚುಕಮ್ಮಿ ಪೂರ್ತಿ ತಿಂದ್ಬಿಡುತ್ತೆ. ಸಿಹಿ ಹೋದ್ರೆ ಮಾವಿನಲ್ಲಿ ಉಳಿಯೋದು ಹುಳಿ ಮತ್ತೆ ಪರಿಮಳ, ಪಲ್ಪ್‌ನ ಮೊದಲೇ ಹಾಕಿದ್ರೆ ಹುದುಗಿನ ಜೋರಿಗೆ ಗ್ಯಾಸ್ ಜೊತೆ ಪರಿಮಳಾನೂ ಹಾರಿ ಹೋಗುತ್ತೆ. ಮೊದಲ ಹುದುಗು ಅಡಗಿದ ಮೇಲೆ ಹಾಕ್ಬೇಕು, ಕೆಳಗೆ ಗೋಧಿ ಬಿಯರ್‌ನ ಮೈ ಇರ್ಬೇಕು, ಆಗ ನಾಲಿಗೆ ಮೇಲೆ ತುಂಬಿದಂಗಿರುತ್ತೆ.

ಮೂರನೇದು ಹಂಗಿತ್ತು. ಅಪ್ಪನ್ನ ಕರ್ಕೊಂಡು ಹೋಗಿದ್ದ ಜಾಗಾನೇ ಅದು, ಟ್ರೇಲಿ ಐದನೇ ಗ್ಲಾಸ್. ಬಗ್ಗಡವಾದ ಅರಿಶಿನ ಬಣ್ಣ, ಮೊದಲ ಗುಟುಕಲ್ಲಿ ಮಾವು ಕಾಣಲ್ಲ, ಗೋಧಿ, ಸ್ವಲ್ಪ ಬ್ರೆಡ್ಡು. ನುಂಗಿ ಉಸಿರು ಮೂಗಿಂದ ಬಿಟ್ಟಾಗ ಹಿಂದಿಂದ ಹಣ್ಣು ಬರುತ್ತೆ, ಗ್ಲಾಸ್ ಸ್ವಲ್ಪ ಬೆಚ್ಚಗಾದಂಗೆ ಜಾಸ್ತಿ ಆಗ್ತಾ ಹೋಗುತ್ತೆ. ಮೆನುಲಿ ಬಾದಾಮಿ ಅಂತ ಬರ್ದಿತ್ತು. ಅಪ್ಪ ಮೂಸಿದೋರು ಗ್ಲಾಸ್ ಕೆಳಗಿಡ್ಲೇ ಇಲ್ಲ, ಇನ್ನೊಂದ್ಸಲ ಮೂಸಿದ್ರು, "ಬಾದಾಮಿ ಐತೆ, ಆದ್ರೆ ತೋತಾಪುರಿನೂ ಸೇರ್ಸವ್ರೆ" ಅಂದ್ರು. ಬ್ರೂವರ್ ಹುಡುಗ ಅಲ್ಲೇ ಓಡಾಡ್ತಿದ್ದ, ಕರೆದು ಕೇಳ್ದೆ. ಅವನು ಅಪ್ಪನ್ನೇ ನೋಡ್ತಾ ನಿಂತ್ಬಿಟ್ಟ. ಹೌದು ಸಾರ್, ಬರೀ ಬಾದಾಮಿ ಹಾಕಿದ್ರೆ ಹುಳಿ ಸಾಲಲ್ಲ ಅಂತ ಸ್ವಲ್ಪ ತೋತಾಪುರಿ ಪಲ್ಪ್ ಸೇರ್ಸಿದೀವಿ, ಕುಡಿದ ಯಾರೂ ಇವತ್ತಿನವರೆಗೂ ಕಂಡುಹಿಡಿದಿಲ್ಲ ಅಂದ. ಕುಡೀಲೇ ಇಲ್ಲಪ್ಪ, ಬರೀ ಮೂಸ್ದೆ ಅಂದ್ರು ಅಪ್ಪ. ಆಮೇಲೆ ಅವರಿಬ್ರೂ ಅರ್ಧ ಗಂಟೆ ಹಣ್ಣಿನ ಬಗ್ಗೆ ಮಾತಾಡಿದ್ರು, ಪಲ್ಪ್ ಎಲ್ಲಿಂದ ತರ್ತೀರಾ, ಹಣ್ಣು ಯಾವ ಹದದಲ್ಲಿ ಕೀಳಿಸ್ತೀರಾ, ಮಲ್ಲಿಕಾ ಹಾಕಿ ನೋಡಿದೀರಾ, ನಾರು ಇರಲ್ಲ ಅದ್ರಲ್ಲಿ. ನನ್ ಟ್ರೇ ಹಂಗೇ ಬೆಚ್ಚಗಾಗ್ತಾ ಇತ್ತು, ನಾನು ಮುಟ್ಟೋಕೂ ಹೋಗ್ಲಿಲ್ಲ.

ಗೋಸ ಅಂತ ಒಂದು ಹಳೇ ಜರ್ಮನ್ ಬಿಯರ್ ಇದೆ, ಗೋಸ್ಲಾರ್ ಊರಿಂದ ಬಂದಿದ್ದು, ಆಮೇಲೆ ಲೈಪ್‌ಜಿಗ್‌ನಲ್ಲಿ ಹೆಸರಾಯ್ತು. ಹುಳಿ, ಜೊತೆಗೆ ಉಪ್ಪು, ದನಿಯ. ನಾನು ಮೊದಲ ಸಲ ಕುಡಿದಾಗ ಸ್ಕೂಲ್ ಗೇಟಿನ ಹತ್ರ ಉಪ್ಪು ಹಚ್ಚಿ ಕೊಡ್ತಿದ್ದ ತೋತಾಪುರಿ ಕಾಯಿ ಸೀದಾ ಕಣ್ಮುಂದೆ ಬಂತು. ಮಾವಿನಕಾಯಿ ಗೋಸ, ನೇರಳೆ ಗೋಸ ಮಾಡಿದ್ರೆ ನಮ್ ಕಡೆಯೋರಿಗೆ ಯಾರೂ ಹೇಳ್ಕೊಡೋದೇ ಬೇಡ. ಡಿಸೆಂಬರ್‌ನಲ್ಲಿ ಸ್ಟೌಟ್ ಜೊತೆ ಕರಿದ ಅವರೆಬೇಳೆ ತಿಂದು ನೋಡಿ, ಉಪ್ಪು ಜಾಸ್ತಿ ಇರೋದಲ್ಲ, ಮನೇಲಿ ಕರಿದದ್ದು. ಹಿತಕಿದ ಬೇಳೆ ಸಾರು ಮುದ್ದೆಗೆ ಮಾತ್ರ ಯಾವ ಬಿಯರೂ ಬೇಡ, ಅದಕ್ಕೆ ಅದೇ ಸಾಕು.

ಈ ವರ್ಷ ನಮ್ ತೋಟದಲ್ಲಿ ಬಾದಾಮಿ ಮುಗೀತು, ನೀಲಂ ಇನ್ನೂ ಮರದಲ್ಲಿದೆ. ನಿನ್ನೆ ಫೋನ್ ಮಾಡಿದಾಗ ಅಪ್ಪ ಮಳೆ, ನೊಣದ ಕಾಟ, ಮಂಡಿ ರೇಟು ಎಲ್ಲ ಹೇಳಿ ಮುಗಿಸಿ ಇನ್ನೇನು ಇಡ್ಬೇಕು ಅನ್ನೋವಾಗ, ಮುಂದಿನ ವಾರ ನೀಲಂ ಕೀಳಿಸ್ತೀನಿ, ತೊಟ್ಟು ಮುರೀದೇ ನಾಲ್ಕು ಕಾಯಿ ಎತ್ತಿಟ್ಟಿರ್ತೀನಿ, ಆ ಸೊನೆ ವಾಸ್ನೆದು ಇತ್ತಲ್ಲ, ಅದ್ರ ಪಕ್ಕದಲ್ಲಿ ಮುರಿದು ನೋಡು, ಎರಡೂ ಒಂದೇನಾ ಅಂತ ನಂಗೆ ಹೇಳು ಅಂದ್ರು.